ಪ್ಲಗ್ಗಿಗೆ ಬಾರದ ಕಿಡಿ

"ಏನ್ ಬೇಕಾದ್ರ ಬಿಚ್ಚರಿ ಸರ, ಏನ್ ಬೇಕಾದ್ರ ತಿಕ್ಕರಿ. ಕೀಲಿ ಒಂದು ತಿರವಬ್ಯಾಡ್ರಿ."

ಹಮೀದ್ ಚಾಚಾ ಆ ಕೀಲಿಯನ್ನು ಬರಿಗೈಯಲ್ಲಿ ಹಿಡಿದಿರಲಿಲ್ಲ. ಕೆಂಪು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವವರ ಹಾಗೆ ಎರಡು ಬೆರಳಲ್ಲಿ ತೂಗುಬಿಟ್ಟು ಮುಂದೆ ಚಾಚಿದ್ದ. ವಯಸ್ಸು ಎಪ್ಪತ್ತು ದಾಟಿತ್ತು. ಕಮಲಾಪುರದ ಹೊರಗೆ, ಬಾಳೆತೋಟದ ಅಂಚಿನಲ್ಲಿದ್ದ ಕಲ್ಲುಗೋಡೆಯ ಹಳೆಯ ಗ್ಯಾರೇಜಿಗೆ ಅವನೇ ಕಾವಲುಗಾರ. ಹೆಂಡತಿ ತೀರಿಕೊಂಡು, ಮಗಳು ಆಸ್ಫಿಯಾ ಹುಮನಾಬಾದಿಗೆ ಮದುವೆಯಾಗಿ ಹೋದ ಮೇಲೆ ಗ್ಯಾರೇಜಿನ ಒಳಗೇ ಒಂದು ಮೂಲೆಯಲ್ಲಿ ಮಂಚ, ಒಲೆ, ನಮಾಜಿನ ಚಾಪೆ ಇಟ್ಟುಕೊಂಡು ಅದನ್ನೇ ಮನೆ ಮಾಡಿಕೊಂಡಿದ್ದ.

ಗೌತಮನಿಗೆ ನಗು ಬಂತು. ಕಲಬುರಗಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಆಟೊಮೊಬೈಲ್ ಪಾಠ ಹೇಳುತ್ತಿರುವವನಿಗೆ, ಕೀಲಿ ತಿರುವದೆ ಇಗ್ನಿಷನ್ ರಿಪೇರಿ ಮಾಡು ಅಂದರೆ ನಗು ಬರದೆ ಇನ್ನೇನು ಬರಬೇಕು?

"ಚಾಚಾ, ನಾಡಿ ಹಿಡಿಬ್ಯಾಡ, ನಾಲಗಿ ನೋಡಬ್ಯಾಡ, ಬರೇ ಗುಳಗಿ ಕೊಡು ಅಂದಂಗಾತು ಇದು."

"ನಗಬ್ಯಾಡ್ರಿ ಸರ. ಈ ಗಾಡಿಗಿ ಭಾನಾಮತಿ ಅದ."

ಗೌತಮನ ನಗು ಅಲ್ಲಿಗೇ ನಿಂತಿತು. ಹೆದರಿಕೆಯಿಂದಲ್ಲ, ಸಿಟ್ಟಿನಿಂದ.

ಭಾನಾಮತಿ ಎಂದರೇನು ಎಂದು ಈ ಸೀಮೆಯ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ರಂಕಿನಲ್ಲಿ ಮಡಚಿಟ್ಟ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮಾಳಿಗೆಯ ಮೇಲೆ ಕಲ್ಲು ಬೀಳುತ್ತವೆ. ಚೆನ್ನಾಗಿದ್ದ ಮನುಷ್ಯ ನಾಯಿಯಂತೆ ಬೊಗಳುತ್ತಾನೆ. ಹಾಗಂತ ಮಂದಿ ಹೇಳುತ್ತಾರೆ. ಆಮೇಲೆ ಅದೇ ಮಂದಿ ಇದನ್ನೆಲ್ಲ ಮಾಡಿದವರು ಯಾರು ಎಂದು ಹುಡುಕಲು ಹೊರಡುತ್ತಾರೆ. ಅವರ ಕೈಗೆ ಸಿಗುವುದು ಯಾವಾಗಲೂ ಒಬ್ಬ ಬಡ ಹೆಂಗಸು.

ಗೌತಮನ ಅಜ್ಜಿ ಬಂಡೆಮ್ಮ ಹಾಗೆ ಸಿಕ್ಕವಳು. ಮಂತ್ರ ಹೇಳುವ ಬಾಯಿ ಮುರಿಯಬೇಕೆಂದು, ಇದೇ ಕಮಲಾಪುರದ ಜನ ಇಪ್ಪತ್ತೆಂಟರ ಹರೆಯದ ಆ ಹೆಂಗಸನ್ನು ಕಂಬಕ್ಕೆ ಕಟ್ಟಿ ಮುಂದಿನ ಹಲ್ಲು ಉದುರಿಸಿದ್ದರು. ಮಾಡಿದ ಅಪರಾಧ, ನೆರೆಮನೆಗೆ ಬೆಂಕಿ ಬಿದ್ದ ದಿನ ಬೆಳಿಗ್ಗೆ ಆ ಮನೆಯವರ ಜೊತೆ ನೀರಿಗಾಗಿ ಜಗಳವಾಡಿದ್ದು. ಆಕೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಕಲಬುರಗಿಯ ಗಾಜಿಪುರಕ್ಕೆ ನಡೆದುಬಂದಳು. ಆ ಕೂಸೇ ಗೌತಮನ ಅಪ್ಪ ದತ್ತಪ್ಪ. ಮನೆಯಲ್ಲಿ ಎಲ್ಲರೂ ಅವಳನ್ನು ಆಯಿ ಎನ್ನುತ್ತಾರೆ. ಆಯಿ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಅದು ಮೆತ್ತಗಾಗುವವರೆಗೆ ಕಾಯುತ್ತ ಕೂರುವುದನ್ನು ನೋಡುತ್ತಲೇ ಗೌತಮ ದೊಡ್ಡವನಾದ. ಭಾನಾಮತಿ ಉಂಟೆಂದು ಒಪ್ಪಿದರೆ ಆ ಹಲ್ಲು ಉದುರಿಸಿದವರು ಸರಿ ಎಂದು ಒಪ್ಪಿದ ಹಾಗೆ. ಅದು ಈ ಜನ್ಮದಲ್ಲಿ ಅವನಿಂದ ಆಗದ ಕೆಲಸ.

ಇವತ್ತು ಬೆಳಿಗ್ಗೆ, "ಕಮಲಾಪುರಕ್ಕ ಹೋಗಿ ಬರ್ತೀನಿ ಆಯಿ, ಒಂದು ಹಳೀ ಕಾರ್ ನೋಡೋದದ" ಎಂದಾಗ ಆಕೆ "ಅಲ್ಲಿ ಬಾಳೆಹಣ್ಣು ತರಬ್ಯಾಡ" ಎಂದಷ್ಟೇ ಹೇಳಿದ್ದಳು. ಅವನು ಆ ಮಾತಿನಲ್ಲಿದ್ದ ನೋವನ್ನು ಕೇಳಿಸಿಕೊಂಡ. ಕಾರಿನ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಹಾಗೇ ಬೈಕು ಹತ್ತಿದ.

ಆಸೆ ಪಡಬೇಕಾದಂಥದ್ದೇ ಕಾರು, ಸುಳ್ಳೇಕೆ ಹೇಳಲಿ. ತಾಡಪತ್ರಿ ಸರಿಸಿದಾಗ ಗೌತಮನ ಬಾಯಿಂದ ಶಿಳ್ಳೆ ಹೊರಟಿತು. ಎರಡೇ ಸೀಟಿನ ವಿಲಾಯತಿ ಸ್ಪೋರ್ಟ್ಸ್ ಕಾರು. ಪಾಚಿಹಸಿರು ಬಣ್ಣ, ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳ ಚಕ್ರ. ನಿಜಾಮರ ಸಂಸ್ಥಾನ ಹೋದ ಹೊಸದರಲ್ಲಿ ಹೈದರಾಬಾದಿನ ಯಾವನೋ ಜಾಗೀರದಾರ ಮಾರಿದ್ದನ್ನು ಈ ತೋಟದ ದೊಡ್ಡ ಸಾವಕಾರರು ಕೊಂಡು ತಂದಿದ್ದರಂತೆ. ಅವರು ಸತ್ತು ನಲವತ್ತು ವರ್ಷದ ಮೇಲಾಯಿತು. ಅಂದಿನಿಂದ ಕಾರು ಚಾಲೂ ಆಗಿಲ್ಲ. ಈಗ ಅವರ ಮಗ ಮಲ್ಲಣ್ಣನಿಗೆ ಹೈದರಾಬಾದಿನ ಹಳೆ ಕಾರುಗಳ ಮೆರವಣಿಗೆಯಲ್ಲಿ ಇದನ್ನು ಓಡಿಸುವ ಹುಕಿ ಬಂದಿತ್ತು. ಮಲ್ಲಣ್ಣ ಇರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಗೌತಮನಿಗೆ ಗ್ಯಾರೇಜು ತೋರಿಸಲೆಂದು ಬಂದವನು ಹೊಸ್ತಿಲ ಆಚೆಗೇ ನಿಂತು, ಒಳಗೆ ಒಂದು ಹೆಜ್ಜೆಯೂ ಇಡದೆ, "ನೀವೇ ಚಾಲೂ ಮಾಡ್ರಿ, ಆದಮ್ಯಾಲ ಫೋನ್ ಹಚ್ಚರಿ" ಎಂದು ಹೇಳಿ ಹೋಗಿಬಿಟ್ಟಿದ್ದ. ಒಳಗೆ ಯಾಕೆ ಬರಲಿಲ್ಲ ಎಂದು ಗೌತಮ ಆಗ ಯೋಚಿಸಲಿಲ್ಲ.

ಮಟಮಟ ಮಧ್ಯಾಹ್ನವಾದರೂ ಗ್ಯಾರೇಜಿನ ಒಳಗೆ ಕತ್ತಲು. ಗೋಡೆಯಲ್ಲಿ ಅಂಗೈಯಗಲದ ಒಂದೇ ಗವಾಕ್ಷಿ. ಇಲಿಹಿಕ್ಕೆ, ಬಾವಲಿ, ಒಣಗಿ ಬಿರಿದ ಚರ್ಮದ ಸೀಟು, ಹೊರಗೆ ಕೊಳೆಯುತ್ತಿದ್ದ ಬಾಳೆದಿಂಡು. ಎಲ್ಲದರ ವಾಸನೆಯೂ ಒಂದರ ಮೇಲೊಂದು ಕೂತಿತ್ತು. ಎಲ್ಲಕ್ಕೂ ಕೆಳಗೆ ಇನ್ನೊಂದು ವಾಸನೆ: ಎಲ್ಲೋ ಬಟ್ಟೆ ಸುಟ್ಟು, ನೀರು ಸುರಿದು ಆರಿಸಿದಂಥದ್ದು. ಗೌತಮ ಎರಡು ಸಲ ಮೂಗೇರಿಸಿ, ಮುದುಕನ ಒಲೆಯದಿರಬೇಕು ಎಂದುಕೊಂಡ.

ಹಳಸಿದ ಪೆಟ್ರೋಲು ಬಸಿದು ತಾನು ತಂದ ಕ್ಯಾನಿನಿಂದ ಅರ್ಧ ಸುರಿದ. ತನ್ನ ಬ್ಯಾಟರಿ ಕೂರಿಸಿದ. ಆಮೇಲೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಅದರೊಳಗೆ ಹೆಬ್ಬೆರಳಿನಷ್ಟು ಜಾಗದಲ್ಲಿ ಎರಡು ಲೋಹದ ಚುಕ್ಕಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಪಾಯಿಂಟು ಎನ್ನುತ್ತಾರೆ. ಅವು ಅಗಲಿದ ಕ್ಷಣ ಕಾಯಿಲ್‌ನಲ್ಲಿ ಕಿಡಿ ಹುಟ್ಟಿ, ದಪ್ಪ ವೈರಿನೊಳಗೆ ಓಡಿ ಪ್ಲಗ್ಗಿಗೆ ಹೋಗಬೇಕು. ಪ್ಲಗ್ಗಿನಲ್ಲಿ ಕಿಡಿ ಹಾರಿದರೆ ಎಂಜಿನ್ನು, ಇಲ್ಲದಿದ್ದರೆ ಬರೀ ಕಬ್ಬಿಣ. ಇಷ್ಟೇ ವಿದ್ಯೆ.

ಪಾಯಿಂಟಿನ ಬುಡದಲ್ಲಿ ತಾಮ್ರದ ಒಂದು ಸಣ್ಣ ತಗಡು ಕೂಡಿಸಿತ್ತು. ಅದರ ಮೇಲೆ ಸೂಜಿಯಿಂದ ಗೀರಿದ ಅಕ್ಷರಗಳು. ಅವು ಕನ್ನಡವಲ್ಲ, ಉರ್ದುವಲ್ಲ, ತೆಲುಗೂ ಅಲ್ಲ. ಅರ್ಥಿಂಗಿಗೆಂದು ಯಾವನೋ ಜಾಣ ಹಾಕಿರಬೇಕು ಎಂದು ಗೌತಮ ಅದನ್ನು ಹಾಗೇ ಬಿಟ್ಟ. ಪಾಯಿಂಟನ್ನು ನಯವಾದ ಪಾಲಿಶ್ ಕಾಗದದಿಂದ ತಿಕ್ಕಿದ. ಗೇಜು ತೂರಿಸಿ ಸಂದು ಅಳೆದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಚಾಚಾ, ನೀವು ಹೇಳಿದಂಗ ಕೇಳ್ತೀನಿ. ಕೀಲಿ ತಿರವಂಗಿಲ್ಲ ನೋಡ್ರಿ," ಎಂದು ಕೆಂಪು ಗಂಟನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ಒಂದು ವೈರು ಎಳೆದ. ಮೆಕ್ಯಾನಿಕ್ಕುಗಳ ಹಳೆಯ ದಾರಿ ಇದು. ಕೀಲಿಯ ಹಂಗೇ ಬೇಡ. ಸ್ಕ್ರೂಡ್ರೈವರಿನ ತುದಿಯಿಂದ ಪಾಯಿಂಟನ್ನು ಚಿಮ್ಮಿದರೆ ಸಾಕು, ಒಂದು ಚಿಮ್ಮಿಗೆ ಒಂದು ಕಿಡಿ. ದಪ್ಪ ವೈರಿನ ತುದಿಯನ್ನು ಎಂಜಿನ್ನಿನ ಮೈಗೆ ಜೋಳದ ಕಾಳಿನಷ್ಟು ದೂರ ಹಿಡಿದರೆ ಕಿಡಿ ಅಲ್ಲಿ ನೀಲಿಯಾಗಿ ಹಾರುವುದು ಕಣ್ಣಿಗೇ ಕಾಣುತ್ತದೆ.

ಚಿಮ್ಮಿದ. ಟಿಕ್.

ಏನೂ ಹಾರಲಿಲ್ಲ. ಆದರೆ ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಮುಳ್ಳು ನೆಗೆದು ಬಿತ್ತು. ಅಂದರೆ ಕರೆಂಟು ಹರಿದಿದೆ, ತುಂಡಾಗಿದೆ, ಕಿಡಿ ಹುಟ್ಟಿದೆ. ಹುಟ್ಟಿದ್ದು ಇಲ್ಲಿಗೆ ಬಂದಿಲ್ಲ.

ಮತ್ತೆ ಚಿಮ್ಮಿದ. ಮತ್ತೆ. ಎಣಿಸುವುದು ಅವನ ಅಭ್ಯಾಸ. ಏಳು ಸಲ ಚಿಮ್ಮಿದ, ಏಳು ಸಲವೂ ಮುಳ್ಳು ನೆಗೆಯಿತು, ಒಂದು ಸಲವೂ ಕಿಡಿ ಕಾಣಲಿಲ್ಲ. ಕತ್ತಲಲ್ಲಿ ಸತ್ತ ಹಾವಿನಂತೆ ಜೋತುಬಿದ್ದಿದ್ದ ವೈರಿನ ತುದಿ ತಣ್ಣಗಿತ್ತು. ತಿರುಗಿ ನೋಡಿದರೆ ಹಮೀದ್ ಗೋಡೆಗೆ ಒರಗಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ.

"ಕೀಲಿ ತಿರವಿಲ್ಲಲ್ರಿ ಚಾಚಾ, ಯಾಕ ಅಂಜ್ತೀರಿ?"

ಮುದುಕನ ತುಟಿ ಅಲುಗಿತು. ಮಾತು ಹೊರಡುವ ಮೊದಲೇ ಗೌತಮನ ಫೋನು ಬಡಿದುಕೊಂಡಿತು. ಹೆಂಡತಿ ಸುಜಾತಾ.

"ರೀ, ಟ್ರಂಕಿನ್ಯಾಗಿಂದ ಹೊಗಿ ಬಂತು. ತೆಗದ್ ನೋಡಿದ್ರ ಸೀರಿ ಸುಟ್ಟದ. ಮ್ಯಾಲಿನ ಸೀರಿಗಿ ಏನೂ ಆಗಿಲ್ರಿ, ನಡುವಿಂದು ಸುಟ್ಟದ! ಕೀಲಿ ಹಾಕಿದ ಟ್ರಂಕು!"

"ಎಷ್ಟು ತೂತು ಬಿದ್ದಾವ?" ಎಂದು ಕೇಳಿದ ಗೌತಮ. ಯಾಕೆ ಕೇಳಿದೆ ಎಂದು ಅವನಿಗೇ ಗೊತ್ತಾಗಲಿಲ್ಲ.

"ತೂತು ಎಣಿಸೋ ಹೊತ್ತೇನ್ರಿ ಇದು? ಇರ್ರಿ... ಏಳು."

ಚಿಮ್ಮಿದ್ದೂ ಏಳು ಸಲ. ಗೌತಮ ಕೂಡಲೇ ಕಾರಣ ಹುಡುಕಿಕೊಂಡ. ಮನೆಯ ವೈರಿಂಗು ಹಳೆಯದು, ಟ್ರಂಕು ಗೋಡೆಗೆ ತಾಗಿದೆ, ತಗಡಿಗೆ ಕರೆಂಟು ಬಂದಿರಬೇಕು. "ಮೇನ್ ಸ್ವಿಚ್ ಬಂದ್ ಮಾಡು. ಸಂಜಿಗಿ ಬಂದು ನೋಡ್ತೀನಿ," ಎಂದ. ದನಿ ಗಟ್ಟಿಯಾಗಿಯೇ ಇತ್ತು.

ಇಲ್ಲಿಗೆ ಬಿಟ್ಟು ಎದ್ದುಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮಾಸ್ತರಿಕೆಯವರ ಹಟ ಬೇರೆ. ಒಂದು ಸಲ ಆದದ್ದು ಆಕಸ್ಮಿಕ, ಇನ್ನೊಂದು ಸಲ ಮಾಡಿ ನೋಡಿದರೆ ಗೊತ್ತಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಅದು ಅವನ ರಕ್ತದಲ್ಲೇ ಸೇರಿಹೋಗಿತ್ತು. ಚೀಲದಿಂದ ಹೊಸ ಕಾಯಿಲ್ ತೆಗೆದು ಹಾಕಿದ. ಹೊಸ ಕಂಡೆನ್ಸರ್ ಹಾಕಿದ. ಅಪನಂಬಿಕೆಯೋ ಹೆದರಿಕೆಯೋ, ಈ ಸಲ ಮೂರೇ ಸಲ ಚಿಮ್ಮಿದ. ಟಿಕ್. ಟಿಕ್. ಟಿಕ್.

ಮೂರೂ ಸಲ ಮುಳ್ಳು ನೆಗೆಯಿತು. ಕಿಡಿ ಕಾಣಲಿಲ್ಲ.

ಸುಟ್ಟ ಬಟ್ಟೆಯ ವಾಸನೆ ಈಗ ನೇರ ಅವನ ಮೂಗಿನ ಕೆಳಗೇ ಇತ್ತು. ಫೋನು ಮತ್ತೆ ಬಡಿದುಕೊಂಡಿತು.

"ಆಯಿ ಹೊದ್ದ ಕೌದಿರೀ!" ಸುಜಾತಾ ಅಳುತ್ತಿದ್ದಳು. "ಮೂರ್ ಕಡಿ ಹತ್ತತು. ಬಾಜೂ ಮನಿ ಕುಲ್ಸುಮ್ ಆಪಾ ನೀರ್ ತಂದು ಹಾಕಿದ್ರು. ಮೇನ್ ಸ್ವಿಚ್ ಬಂದ್ ಮಾಡೇ ಅದರೀ. ಗಲ್ಲಿ ಮಂದಿ ಎಲ್ಲಾ ಬಂದಾರ. ಭಾನಾಮತಿ ಅಂತಾರ. ಎಲ್ಲಾರೂ ಆಯಿ ಬಾಯಿ ನೋಡ್ಲಾಕತ್ತಾರ್ರೀ, ಆ ಹಲ್ಲಿಲ್ದ ಬಾಯಿ..."

ಗೌತಮ ಸ್ಕ್ರೂಡ್ರೈವರು ಬಿಸಾಕಿದ. ಈಗ ಬೆಂಕಿ ಹೊತ್ತಿದ್ದು ಅವನ ಎದೆಯಲ್ಲಿ. ಐವತ್ತೈದು ವರ್ಷದ ಹಿಂದೆ ಆ ಮಾತಿನಿಂದ ತಪ್ಪಿಸಿಕೊಂಡು ಊರನ್ನೇ ಬಿಟ್ಟು ಬಂದವಳು ಆಯಿ. ಇವತ್ತು ಅದೇ ಮಾತು ಅವಳ ಮಂಚದವರೆಗೆ ಹುಡುಕಿಕೊಂಡು ಬಂದಿತ್ತು. ಅವನು ತಿರುಗಿ ಮುದುಕನ ಮೇಲೆ ಹರಿಹಾಯ್ದ.

"ಇದೇ ಮಾತು ಹೇಳಿ ನಿಮ್ಮೂರವ್ರು ನಮ್ಮ ಆಯಿನ ಹಲ್ಲು ಮುರದ್ರು! ಇವತ್ತ ಮತ್ತ ಅದೇ ಹೇಳ್ತಿರೇನು?"

"ಯಾರ್ರಿ ನಿಮ್ಮ ಆಯಿ?" ಹಮೀದನ ದನಿ ಕೇಳಿಸದಷ್ಟು ಸಣ್ಣದಾಗಿತ್ತು.

"ಬಂಡೆಮ್ಮ."

ಹಮೀದ್ ಗೋಡೆ ಹಿಡಿದು ಕೆಳಗೆ ಕೂತ. ಕೂತ ಮೇಲೂ ಕೈಗಳು ನೆಲವನ್ನು ತಡವುತ್ತಿದ್ದವು.

"ಜಿಂದಾ ಅದಾಳೇನ್ರಿ?" ಎಂದ. "ಯಾ ಅಲ್ಲಾ. ಇನ್ನಾ ಜಿಂದಾ ಅದಾಳ."

ಆಮೇಲೆ ಅವನು ಹೇಳಿದ್ದು ಇಷ್ಟು. ದೊಡ್ಡ ಸಾವಕಾರರ ತಮ್ಮ ರಾತ್ರಿ ಹೊತ್ತು ಕಾರು ಕದ್ದು ಓಡಿಸುತ್ತಿದ್ದನಂತೆ. ಸಿಟ್ಟಿಗೆದ್ದ ಸಾವಕಾರರು ಝಹೀರಾಬಾದಿನ ಆಚೆಯಿಂದ ಒಬ್ಬ ಮಾಟಗಾರನನ್ನು ಕರೆಸಿ ಗಾಡಿಗೆ ಕಟ್ಟು ಹಾಕಿಸಿದರು. ಆ ತಾಮ್ರದ ತಗಡು ಅವನು ಕೂಡಿಸಿದ್ದು. ಸಾವಕಾರರ ಕೈ ಬಿಟ್ಟು ಬೇರೆ ಯಾವ ಕೈ ಈ ಗಾಡಿಯ ಕಿಡಿ ಎಬ್ಬಿಸಿದರೂ, ಆ ಕಿಡಿ ಆ ಕೈಯವನ ಮನೆಗೆ ಹೋಗಬೇಕು. ಕಳ್ಳನನ್ನು ಹಿಡಿಯಲು ಮಾಡಿದ ಏರ್ಪಾಡು. ಆಗ ಹಮೀದನಿಗೆ ಹದಿನೇಳು. ಗಾಡಿ ತೊಳೆಯುವ ಕೆಲಸ.

"ಇದರ ಆವಾಜ್ ಅಂದ್ರ ನಂಗ ಜೀವ ಇತ್ರಿ. ಒಮ್ಮಿ ನನ್ನ ಕೈಲಿ ಚಾಲೂ ಮಾಡಿ ಕೇಳ್ಬೇಕಂತ ಆಶಾ. ಯಾರೂ ಇಲ್ಲಂತ ನೋಡಿ ಕೀಲಿ ತಿರವಿದೆ. ಚಾಲೂ ಆಗ್ಲಿಲ್ಲ. ಮತ್ತ ಮತ್ತ ತಿರವಿದೆ. ಮನಿಗಿ ಹೋಗಿ ನೋಡ್ತೀನಿ, ಮನಿ ಉರೀಲಾಕತ್ತದ. ನಮ್ಮ ಅಮ್ಮಾ ಇಮಾಮಬಿ, ಮುಂಜಾನಿ ಬಂಡೆಮ್ಮನ ಜೊತಿ ಕೊಡದ ಸಲುವಾಗಿ ಜಗಳಾಡಿದ್ಲು. ಮಂದಿ ಬಂಡೆಮ್ಮನ್ನೇ ಎಳಕೊಂಡ್ ಹೋದ್ರು. ಸಾವಕಾರ್ರು ಬಂದು ನೋಡಿದ್ರು. ಅವ್ರಿಗಿ ತಿಳೀತ್ರಿ, ಗಾಡಿ ಯಾರೋ ಮುಟ್ಯಾರಂತ. ಏನೂ ಅನ್ಲಿಲ್ಲ. ನಾನೂ ಅಲ್ಲೇ ಕಂಬದ ಬಾಜೂಕ ನಿಂತಿದ್ದೆ. ನಾನೂ ಏನೂ ಅನ್ಲಿಲ್ಲ."

ಗೌತಮನಿಗೆ ಆ ಮುದುಕನ ಕತ್ತು ಹಿಚುಕಬೇಕು ಅನಿಸಿತು. ಅದೇ ಹೊತ್ತಿಗೆ, ನಾಚಿಕೆಯಾಗುವಂಥ ಒಂದು ಸಂತೋಷವೂ ಆಯಿತು. ಆಯಿ ಮಾಡಿಲ್ಲ ಎಂದು ಹೇಳಬಲ್ಲ ಸಾಕ್ಷಿ ಇದೆ! ಉಸಿರಾಡುತ್ತಿದೆ, ಎದುರಿಗೇ ಕೂತಿದೆ.

"ನಡೀರಿ," ಎಂದ. "ಈಗೇ ನಡೀರಿ ಗಾಜಿಪುರಕ್ಕ. ಗಲ್ಲಿ ಮಂದಿ ಮುಂದ ಇದನ್ನೇ ಹೇಳ್ರಿ."

"ಹೇಳ್ತೀನ್ರಿ ಸರ. ಸಾಯೂದ್ರೊಳಗ ಒಮ್ಮಿ ಹೇಳಬೇಕು."

ಹಮೀದ್ ಎದ್ದು ಟೊಪ್ಪಿಗೆ ಸರಿಮಾಡಿಕೊಂಡ. ಗೌತಮ ಬ್ಯಾಟರಿಯ ವೈರು ಕಿತ್ತು, ಬ್ಯಾಟರಿಯನ್ನು ಎತ್ತಿ ನೆಲಕ್ಕಿಟ್ಟ. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದರು.

ಟಿಕ್.

ಇಬ್ಬರೂ ನಿಂತರು.

ಟಿಕ್. ಟಿಕ್.

ಗೌತಮ ಓಡಿಹೋಗಿ ಟಾರ್ಚು ಬಿಟ್ಟ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟು ತಾನಾಗಿಯೇ ಬಿಡುತ್ತಿತ್ತು. ಕೂಡುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಬ್ಯಾಟರಿ ನೆಲದ ಮೇಲಿತ್ತು. ಮೀಟರಿನ ಮುಳ್ಳು ಗಾಳಕ್ಕೆ ಸಿಕ್ಕ ಮೀನಿನಂತೆ ಒದ್ದಾಡುತ್ತಿತ್ತು. ಗೌತಮ ತಾಮ್ರದ ತಗಡಿಗೆ ಕೈ ಹಾಕಿದ. ಚುರ್ ಎಂದಿತು. ಬೆರಳ ಚರ್ಮ ತಗಡಿಗೆ ಅಂಟಿ ಉಳಿಯಿತು. ಇಕ್ಕಳದಿಂದ ಹಿಡಿದು ಎಳೆದ. ಇಕ್ಕಳದ ಬಾಯಿಯೇ ಮುರಿಯಿತು.

ಟಿಕ್. ಟಿಕ್. ಟಿಕ್. ಟಿಕ್.

ಫೋನು. ಸುಜಾತಾಳ ದನಿ ಗುರುತು ಸಿಗದಂತಾಗಿತ್ತು.

"ಕ್ಯಾಲೆಂಡರ್ ಹತ್ತತು! ಪರದೆ ಹತ್ತತು! ನಂದಿಸಿದ ಕಡಿ ಬಿಟ್ಟು ಇನ್ನೊಂದ್ ಕಡಿ ಹತ್ತತದ್ರೀ!"

"ಆಯಿನ್ನ ಕರ್ಕೊಂಡು ಹೊರಗ ಬಾ! ಲಗೂನ!"

"ಬಿಡಾಕ ಒಲ್ಲೆಂತಾರ! ಗಲ್ಲಿ ಮಂದಿ ಬಾಗಲಾಗ ನಿಂತಾರ. ಮುದುಕಿ ಹೊರಗ ಬಂದ್ರ ನಮ್ಮ ಮನಿಗೂ ಹತ್ತತದ ಅಂತಾರ. ಕುಲ್ಸುಮ್ ಆಪಾ ಒಬ್ಬರೇ ಜಗಳಾಡ್ಲಾಕತ್ತಾರ... ಆಯಿ! ರೀ, ಆಯಿ ಸೆರಗು! ಸೆರಗು ಹತ್ತತು!"

ಕಿರುಚಾಟ. ಪಾತ್ರೆ ಬಿದ್ದ ಸದ್ದು. ನೀರು. ಮತ್ತೆ ಕಿರುಚಾಟ. ಅದರ ನಡುವೆ ಆಯಿಯ ದನಿಯೇ ಇಲ್ಲ. ಆಕೆ ಕೂಗುತ್ತಿರಲಿಲ್ಲ. ಕಂಬಕ್ಕೆ ಕಟ್ಟಿದಾಗಲೂ ಕೂಗಿರಲಿಲ್ಲವಂತೆ.

"ಇದನ್ನ ನಿಲ್ಸೂದು ಹ್ಯಾಂಗ?" ಗೌತಮ ಹಮೀದನ ಭುಜ ಹಿಡಿದು ಅಲುಗಿಸಿದ. "ಆವತ್ತ ಹ್ಯಾಂಗ ನಿಂತತು? ಹೇಳ್ರಿ!"

"ಸಾವಕಾರ್ರು ಬಂದು ತಾವೇ ಕೀಲಿ ತಿರವಿದ್ರು. ಹೊಸಾ ಕೈ ಹತ್ತಿದ್ರ ಹಳೀ ಕೈ ಬಿಡ್ತದ. ಅವ್ರದು ಒಡೆಯನ ಕೈ, ಏನೂ ಆಗ್ಲಿಲ್ಲ. ಈಗ ಅಂಥಾ ಕೈ ಇಲ್ರಿ."

"ಅವರ ಮಗ?"

"ಮಲ್ಲಣ್ಣೋರು ಒಮ್ಮಿ ತಿರವ್ಯಾರ್ರಿ. ಅವರ ಮನಿ ದೇವ್ರ ಖೋಲಿ ಸುಟ್ಟತು. ಅದಕ್ಕೇ ಬ್ಯಾರೇದವ್ರನ್ನ ಕರಸ್ತಾರ."

ಹಾಗಾದರೆ ಎಲ್ಲ ಗೊತ್ತಿದ್ದೇ ಕಳಿಸಿದ್ದ. ಸಿಟ್ಟು ಮಾಡಲೂ ಹೊತ್ತಿರಲಿಲ್ಲ. ಟಿಕ್ ಟಿಕ್ ಟಿಕ್ ಟಿಕ್. ಈಗ ಎಣಿಸಲಾಗುತ್ತಿರಲಿಲ್ಲ.

ಹಮೀದ್ ಅಂಗೈ ಚಾಚಿದ.

"ಕೀಲಿ ಕೊಡ್ರಿ ಸರ. ನನ್ನ ಮನಿ ಇದೇ. ಇಲ್ಲೇ ಹತ್ತಲಿ."

ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ಯಾರೇಜಿಗೆ ಒಂದೇ ಬಾಗಿಲು. ಅರ್ಧ ಕ್ಯಾನು ಪೆಟ್ರೋಲು ಮುಂದಿನ ಚಕ್ರದ ಪಕ್ಕದಲ್ಲೇ ಇತ್ತು, ಮುಚ್ಚಳ ತೆರೆದೇ ಇತ್ತು. ಟ್ಯಾಂಕಿನಲ್ಲಿ ಇನ್ನರ್ಧ. ಮುದುಕನಿಗೆ ಎದ್ದು ನಿಲ್ಲಲು ಗೋಡೆ ಬೇಕು. ಇದೆಲ್ಲ ಗೌತಮನಿಗೆ ಕಾಣುತ್ತಿತ್ತು. ಕ್ಯಾನನ್ನು ಹೊರಗೆ ಇಡಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷದಲ್ಲಿ ಗಾಜಿಪುರದಲ್ಲಿ ಎಷ್ಟು ಟಿಕ್?

ಜೇಬಿನಿಂದ ಕೆಂಪು ಗಂಟು ತೆಗೆದ. ಬಿಚ್ಚಿದ. ಹಮೀದನ ಅಂಗೈಯಲ್ಲಿ ಇಟ್ಟ.

ಇಟ್ಟದ್ದು ಅವನೇ. ಮುದುಕ ಕಸಿದುಕೊಳ್ಳಲಿಲ್ಲ.

"ಬಂಡೆಮ್ಮನ ಮುಂದ..." ಎಂದ ಹಮೀದ್, ಸೀಟಿಗೆ ಜಾರುತ್ತ. "ಹೊರಗ ಹೋಗ್ರಿ."

ಗೌತಮ ಹೊರಗೆ ಓಡಿದ. ಫೋನು ಕಿವಿಗೇ ಇತ್ತು. ಹಿಂದೆ ಕೀಲಿ ತಿರುಗಿದ ಸದ್ದು.

ಟಿಕ್ ನಿಂತಿತು.

ಬ್ಯಾಟರಿ ಇಲ್ಲದ ಎಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಚಾಲೂ ಆಯಿತು. ಎಂಥ ಸದ್ದದು! ಗಂಟಲು ತುಂಬಿದ, ದುಂಡಗಿನ, ಒಂದೇ ಸಮನೆ ಗುಡುಗುವ ಸದ್ದು. ಬಾಳೆಯೆಲೆಗಳು ನಡುಗಿದವು. ಬಾವಲಿಗಳು ಗವಾಕ್ಷಿಯಿಂದ ಹೊಗೆಯಂತೆ ಹೊರಬಿದ್ದವು. ಬಾಗಿಲ ಕತ್ತಲಲ್ಲಿ ಹಮೀದನ ಬೆನ್ನು ಕಂಡಿತು. ಅವನು ಸ್ಟೇರಿಂಗಿನ ಮೇಲೆ ತಲೆ ವಾಲಿಸಿ ಕೇಳುತ್ತಿದ್ದ. ಹದಿನೇಳರ ಆಸೆ. ಮೂರು ಉಸಿರಿನಷ್ಟು ಹೊತ್ತು ಕೇಳಿದ.

ಆಮೇಲೆ ಮಂಚ ಹತ್ತಿತು. ಚಾಪೆ ಹತ್ತಿತು. ಕ್ಯಾನು ಹತ್ತಿತು.

"ಚಾಚಾ! ಹೊರಗ ಬರ್ರಿ! ಚಾಚಾ!"

ಬೆಂಕಿ ಬಾಗಿಲು ತುಂಬಿತು. ಹುಬ್ಬಿನ ಕೂದಲು ಸುಟ್ಟಿತು. ಗೌತಮ ಒಂದು ಹೆಜ್ಜೆ ಮುಂದಿಟ್ಟ. ಎರಡು ಹೆಜ್ಜೆ ಹಿಂದಿಟ್ಟ. ಇನ್ನೂ ಹೋಗಬಹುದಿತ್ತು. ಹೋಗಲಿಲ್ಲ. ಟ್ಯಾಂಕು ಸಿಡಿಯಿತು. ಎಂಜಿನ್ನಿನ ಸದ್ದು ಆ ಮೇಲೂ ಒಂದು ಗಳಿಗೆ ಕೇಳುತ್ತಲೇ ಇತ್ತು.

"ರೀ," ಫೋನಿನಲ್ಲಿ ಸುಜಾತಾ ಏದುಸಿರು ಬಿಡುತ್ತಿದ್ದಳು. "ನಿಂತತ್ರಿ. ಎಲ್ಲಾ ನಿಂತತು. ಆಯಿ ಕೈ ಸುಟ್ಟದ, ಜೀವಕ್ಕೇನಿಲ್ಲ. ರೀ, ಕೇಳ್ಲಾಕತ್ತದೇನು? ಎಲ್ಲೀರಿ ನೀವು?"

ಹೊತ್ತು ಮುಳುಗುವ ಮೊದಲೇ ಪೊಲೀಸರು ಬಂದರು. ಅವರ ಹಿಂದೆಯೇ ಮಲ್ಲಣ್ಣನೂ ಬಂದ. ಈಗಲೂ ಗೇಟಿನ ಆಚೆಗೇ ನಿಂತ. ಅವನು ಗೌತಮನ ಮುಖ ನೋಡಿದ, ಗೌತಮ ಅವನ ಮುಖ ನೋಡಿದ. ಅಪ್ಪನ ಮಾಟ ಹೊರಬೀಳಬಾರದು ಎಂದು ಒಬ್ಬನಿಗೆ. ಕೀಲಿ ಕೊಟ್ಟ ಕೈ ಯಾವುದೆಂದು ಯಾರೂ ಕೇಳಬಾರದು ಎಂದು ಇನ್ನೊಬ್ಬನಿಗೆ.

"ಪೆಟ್ರೋಲ್ ಸೋರಿ, ಒಲಿ ಬೆಂಕಿ ತಾಗಿರಬೇಕು," ಎಂದು ಮಲ್ಲಣ್ಣ ಬರೆಸಿದ.

"ಹೌದು," ಎಂದ ಗೌತಮ. "ನಾ ಹೊರಗ ಫೋನಿನ್ಯಾಗಿದ್ದೆ." ಸುಟ್ಟ ಬೆರಳಿನಿಂದಲೇ ಸಹಿ ಹಾಕಿದ.

ಗಾಜಿಪುರದ ಮನೆ ತಲುಪಿದಾಗ ಗಲ್ಲಿಯವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಗೋಡೆಯೆಲ್ಲ ಮಸಿ. ಆಯಿ ಹಸಿನೆಲದ ಮೇಲೆ ಗೋಣಿಚೀಲ ಹಾಸಿ ಕೂತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಗೌತಮ ಅವಳ ಕಾಲ ಬಳಿ ಕೂತ. ಬಟ್ಟೆ ಸುತ್ತಿದ ಕೈಯನ್ನು ನೋಡಿ ಹೇಳಿದ:

"ಆಯಿ, ಆವತ್ತಿಂದು ನೀ ಮಾಡಿದ್ದಲ್ಲ. ಇವತ್ತ ಗೊತ್ತಾತು ನಂಗ."

ಆಯಿ ಅವನನ್ನು ದಿಟ್ಟಿಸಿ ನೋಡಿದಳು. ಅವನ ಮೈಯಿಂದ ಬರುತ್ತಿದ್ದ ಹೊಗೆಯ ವಾಸನೆ ಆಕೆಗೂ ಬಡಿದಿರಬೇಕು.

"ನಾ ಮಾಡಿಲ್ಲಂತ ನಂಗ ಗೊತ್ತಿಲ್ಲೇನೋ ತಮ್ಮಾ?" ಎಂದಳು. "ನಂಗ್ಯಾಕ ಹೇಳ್ತಿ? ಮಂದಿ ಮುಂದ ನಿಂತು ಹೇಳವ್ರು ಅಲ್ಲಿ ಯಾರರ ಸಿಕ್ರೇನು, ಅದು ಹೇಳು."

ಗೌತಮ ತನ್ನ ಬಲಗೈಯನ್ನು ನೋಡಿಕೊಂಡ. ತಾಮ್ರದ ತಗಡಿನ ಗೀರುಗಳು ಸುಟ್ಟ ಬೆರಳಲ್ಲಿ ಮೂಡಿದ್ದವು. ಹೊರಗೆ ಯಾರೋ ಮಕ್ಕಳನ್ನು ಗದರಿಸಿ ಒಳಗೆ ಎಳೆದುಕೊಂಡರು.

"ಇಲ್ಲ ಆಯಿ," ಎಂದ. "ಯಾರೂ ಸಿಗಲಿಲ್ಲ."

ಎಂಟು ದಿನ ತಡೆದುಕೊಂಡರು. ಅಂಗಡಿಯವನು ಸಾಮಾನು ಕೊಡುವಾಗ ಕೈ ತಾಗಿಸುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಬೂದಿ. ಕುಲ್ಸುಮ್ ಆಪಾ ಮಾತ್ರ ಬಂದು ಹೋಗುತ್ತಿದ್ದಳು, ಅವಳ ಗಂಡ ಅಬ್ರಾರ್ ಅದನ್ನೂ ನಿಲ್ಲಿಸಿದ. ಒಂಬತ್ತನೆಯ ದಿನ ಗೌತಮ ಟೆಂಪೊ ತಂದ. ಸುಜಾತಾ ಸಾಮಾನು ಏರಿಸಿದಳು. ಆಯಿಯನ್ನು ಇಬ್ಬರೂ ಸೇರಿ ಎತ್ತಿ ಡ್ರೈವರಿನ ಪಕ್ಕದಲ್ಲಿ ಕೂರಿಸಿದರು. ಆಕೆ ಸುಟ್ಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಗಲ್ಲಿಯನ್ನು ಒಂದು ಸಲ ಕಣ್ಣುತುಂಬ ನೋಡಿದಳು. ಆಮೇಲೆ ಮೊಮ್ಮಗನ ಕಡೆ ತಿರುಗಿದಳು.

"ಈ ಸಲ ಯಾ ಊರಿಗೋ?" ಎಂದು ಕೇಳಿದಳು.